ಲೈಟು ಮಿಣುಕಿದರೆ ಕಿರುಚುವ ಮಗ, ಮತ್ತು ಮೂರು ಸೀರೀಸ್‌ಗಳು

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳ ಜೊತೆ ನೋಡಿದ ಮೂರು ಇಂಗ್ಲಿಷ್ ಸೈನ್ಸ್ ಫಿಕ್ಷನ್ ಸೀರೀಸ್‌ಗಳಲ್ಲಿ ನಮ್ಮ ಮನೆಯಲ್ಲಿ ಗೆದ್ದಿದ್ದು ‘ಲಾಸ್ಟ್ ಇನ್ ಸ್ಪೇಸ್’. ಅದನ್ನೇ ಮೊದಲು ಹಾಕಿದ್ದರೆ ಕಳೆದ ಮಳೆಗಾಲ ನೆಮ್ಮದಿಯಾಗಿ ಕಳೆಯುತ್ತಿತ್ತು. ನಾನು ಹಾಕಿದ್ದು ‘ಸ್ಟ್ರೇಂಜರ್ ಥಿಂಗ್ಸ್’.

ನಮ್ಮದು ಸಾಗರದ ಹತ್ತಿರ ತೋಟದ ಮನೆ. ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು. ಜುಲೈಯಲ್ಲಿ ಮೇಲಿಂದ ಮೇಲೆ ಮಳೆ ರಜೆ. ಜಗಲಿಯಲ್ಲಿ ಇಬ್ಬರ ಕಿತ್ತಾಟ ತಡೆಯಲಾರದೆ ನೆಟ್‌ಫ್ಲಿಕ್ಸ್‌ನ 199 ರೂಪಾಯಿ ಪ್ಲಾನ್ ಹಾಕಿಸಿದೆ. ಸೈಕಲ್ ಮೇಲೆ ಓಡಾಡುವ ಹುಡುಗರನ್ನು ನೋಡಿ ಇದು ಮಕ್ಕಳ ಕಥೆ ಅಂದುಕೊಂಡೆ. ಇಂಥ ಆನ್‌ಲೈನ್ ಸೀರೀಸ್‌ಗಳಿಗೆ ಕೇಂದ್ರ ಸರ್ಕಾರದ 2021ರ ನಿಯಮ ಬಂದ ಮೇಲೆ 7+, 13+, 16+ ಎಂದು ವಯಸ್ಸಿನ ಗುರುತು ಹಾಕಲೇಬೇಕು. ಹಾಕಿಯೂ ಇರುತ್ತಾರೆ. ನಾನು ನೋಡಲಿಲ್ಲ, ಅಷ್ಟೆ.

ಕಥೆ 1983ರ ಅಮೆರಿಕದ್ದು. ಒಬ್ಬ ಹುಡುಗ ಕಾಣೆಯಾಗಿ ಇನ್ನೊಂದು ಕತ್ತಲ ಲೋಕದಲ್ಲಿ ಸಿಕ್ಕಿಕೊಂಡಿರುತ್ತಾನೆ. ತಾಯಿ ಮನೆ ತುಂಬಾ ಬಣ್ಣದ ಸೀರಿಯಲ್ ಲೈಟು ಕಟ್ಟಿ, ಗೋಡೆ ಮೇಲೆ ಅಕ್ಷರ ಬರೆದು, ಯಾವ ಅಕ್ಷರದ ಲೈಟು ಹತ್ತಿತು ಎಂದು ನೋಡಿ ಮಗನ ಜೊತೆ ಮಾತಾಡುತ್ತಾಳೆ. ನನಗಂತೂ ಕಣ್ಣಲ್ಲಿ ನೀರು ಬಂತು. ಆದರೆ ಲೈಟು ಮಿಣುಕಿದರೆ ರಾಕ್ಷಸ ಹತ್ತಿರ ಬಂತು ಅಂತಲೂ ಅರ್ಥ. ತೊಂದರೆ ಶುರುವಾಗಿದ್ದೇ ಅಲ್ಲಿ.

ಮಲೆನಾಡಿನ ಮಳೆಗಾಲದಲ್ಲಿ ಲೈಟು ಮಿಣುಕದ ಸಂಜೆ ಯಾವುದಿದೆ ಹೇಳಿ? ಲೈನಿಗೆ ಕೊಂಬೆ ತಾಗಿದರೆ ಒಮ್ಮೆ, ಗಾಳಿಗೆ ತಂತಿಗೆ ತಂತಿ ಬಡಿದರೆ ಒಮ್ಮೆ, ಏನೂ ಆಗದೆಯೂ ಒಮ್ಮೆ. ಪ್ರತಿ ಸಲ ಮಗ “ಅಮ್ಮಾ, ಬಂತು!” ಎಂದು ಓಡಿಬಂದು ನನ್ನನ್ನು ಅವುಚಿಕೊಳ್ಳುತ್ತಿದ್ದ. ನಮ್ಮ ಬಚ್ಚಲು ಇರುವುದು ಹಿತ್ತಿಲ ಕಡೆ, ಕೊಟ್ಟಿಗೆ ಪಕ್ಕ. ರಾತ್ರಿ ಒಬ್ಬನೇ ಹೋಗುವುದು ನಿಂತೇಹೋಯಿತು. ಹೊರಗೆ ಧೋ ಅಂತ ಮಳೆ, ಬಾಗಿಲಲ್ಲಿ ಟಾರ್ಚ್ ಹಿಡಿದ ನಾನು, ಒಳಗಿಂದ ಅರ್ಧ ನಿಮಿಷಕ್ಕೊಮ್ಮೆ “ಅಮ್ಮಾ, ಇದೀಯಾ?” ಎಂದು ಹಾಜರಿ.

ಅತ್ತೆ ಸಮಾಧಾನ ಮಾಡಿದರು: “ಕೊಂಬೆ ತಾಗಿದ್ದು ಕಣೋ, ಭೂತ ಅಲ್ಲ.”

“ಅದ್ರಲ್ಲೂ ದೊಡ್ಡೋರು ಯಾರೂ ನಂಬ್ಲಿಲ್ಲ ಅಜ್ಜಿ.”

ಏನು ಹೇಳುವುದು ಇದಕ್ಕೆ? ಆ ಕಥೆಯಲ್ಲಿ ತಾಯಿಯ ಮಾತನ್ನು ಹುಚ್ಚು ಎನ್ನುತ್ತಾರೆ, ಕೊನೆಗೆ ಅವಳದ್ದೇ ನಿಜವಾಗುತ್ತದೆ. ಅವರಪ್ಪ ಲೈನ್‌ಮ್ಯಾನ್‌ಗೆ ಹೇಳಿ ಕೊಂಬೆ ಕಡಿಸಿದರು. ಎರಡು ದಿನ ಸರಿಹೋಯಿತು. ಮೂರನೇ ದಿನ ಮತ್ತೆ ಮಿಣುಕಿತು. ಈಗ ನೆಪ ಹೇಳಲು ಕೊಂಬೆಯೂ ಇಲ್ಲ! ಹೆದರಿಕೆ ಡಬಲ್ ಆಯಿತು.

ಮೂರನೇ ಎಪಿಸೋಡಿಗೆ ನಿಲ್ಲಿಸಿದೆ. ಮೊದಲ ಸೀಸನ್ನಿನ ಉಳಿದ ಐದನ್ನು ಮಕ್ಕಳು ಮಲಗಿದ ಮೇಲೆ ನಾನೇ ನೋಡಿ ಮುಗಿಸಿದೆ, ಅದು ಬೇರೆ ಮಾತು.

ಆಮೇಲೆ ‘ಡಾಕ್ಟರ್ ಹೂ’. ತಮ್ಮ ಲಂಡನ್ನಿಂದ ತಂದ ಡಿವಿಡಿ ಇತ್ತು. ಬಿಬಿಸಿಯವರು 1963ರಲ್ಲಿ ಶುರು ಮಾಡಿದ್ದು. ಕಾಲದಲ್ಲಿ ಹಿಂದೆ ಮುಂದೆ ತಿರುಗಾಡುವ ‘ಡಾಕ್ಟರ್’ ಎಂಬವನ ಕಥೆ. ಅವನ ವಾಹನ ಹೊರಗಿಂದ ನೀಲಿ ಪೆಟ್ಟಿಗೆ, ಒಳಗೆ ಹೋದರೆ ಅರಮನೆಯಷ್ಟು ಜಾಗ. ಮಕ್ಕಳಿಗೆ ಇದು ಬಹಳ ಇಷ್ಟವಾಯಿತು. ಕಷ್ಟ ಏನೆಂದರೆ ಒಂದು ಕಂತು ತಮಾಷೆ, ಮುಂದಿನದು ಹೆದರಿಕೆ. 2007ರ ‘ಬ್ಲಿಂಕ್’ ಎಂಬ ಕಂತಿನಲ್ಲಿ ಕಲ್ಲಿನ ಮೂರ್ತಿಗಳು ಯಾರೂ ನೋಡದಿದ್ದಾಗ ಮಾತ್ರ ಚಲಿಸುತ್ತವೆ. ಅದನ್ನು ನೋಡಿದ ವಾರವೇ ಇಕ್ಕೇರಿಗೆ ಹೋಗಿದ್ದೆವು. ಅಘೋರೇಶ್ವರ ದೇವಸ್ಥಾನದ ಸುತ್ತ ಮಗ ಗೋಡೆಯ ಶಿಲ್ಪಗಳಿಗೆ ಬೆನ್ನು ತೋರಿಸದೆ ಏಡಿಯ ಹಾಗೆ ಅಡ್ಡಡ್ಡ ನಡೆದ. ಮನೆಗೆ ಬಂದ ಮೇಲೆ ಮರೆತ. ಮನೆಯಲ್ಲಿ ಕಲ್ಲಿನ ಮೂರ್ತಿ ಇಲ್ಲ, ಲೈಟು ಇದೆ, ಅಲ್ವಾ! ಒಂದೊಂದೇ ಕಂತು ಮೊದಲು ನೋಡಿ ಆರಿಸಿಕೊಡುವ ಪುರುಸೊತ್ತು ಇರುವವರಿಗೆ ಇದು ಒಳ್ಳೆಯದು. ನನಗಿಲ್ಲ.

‘ಲಾಸ್ಟ್ ಇನ್ ಸ್ಪೇಸ್’ನಲ್ಲೂ ಅಪಾಯ ಕಡಿಮೆಯೇನಿಲ್ಲ. 1965ರ ಹಳೆಯ ಸೀರೀಸನ್ನು 2018ರಲ್ಲಿ ಹೊಸದಾಗಿ ಮಾಡಿದ್ದು ಇದು, ಬಾಹ್ಯಾಕಾಶದಲ್ಲಿ ದಾರಿ ತಪ್ಪಿದ ಒಂದು ಕುಟುಂಬದ ಕಥೆ. ಮೊದಲ ಕಂತಿನಲ್ಲೇ ಆ ಕುಟುಂಬದ ದೊಡ್ಡ ಮಗಳು ಮುಳುಗಿದ ನೌಕೆಯತ್ತ ನೀರಿಗೆ ಇಳಿಯುತ್ತಾಳೆ, ನೀರು ಹೆಪ್ಪುಗಟ್ಟಿ ಅವಳು ಮಂಜಿನೊಳಗೇ ಸಿಕ್ಕಿಬೀಳುತ್ತಾಳೆ. ಮಗ ನನ್ನ ಕೈ ಹಿಡಿದುಕೊಂಡ. ಆದರೆ ಮುಂದೆ ಆಗುವುದೇನು? ಮಂಜು ಕರಗಿಸಲು ಮೆಗ್ನೀಸಿಯಂ ಬೇಕು ಎಂದು ಕಥೆಯ ಅಪ್ಪ, ಮಗ ಹುಡುಕಿಕೊಂಡು ಹೊರಡುತ್ತಾರೆ. ಶಾಲೆಯಲ್ಲಿ ಮೆಗ್ನೀಸಿಯಂ ಪಟ್ಟಿ ಉರಿಸಿದ್ದನ್ನು ನೋಡಿದ್ದ ನಮ್ಮ ಮಗಳು ಎದ್ದು ನಿಂತು “ಅಮ್ಮಾ, ಅದು ಜೋರಾಗಿ ಉರಿಯತ್ತೆ!” ಎಂದು ತಮ್ಮನಿಗೆ ಪಾಠವನ್ನೇ ಮಾಡಿದಳು. ಇಲ್ಲಿ ಹೆದರಿಕೆ ಬಂದಾಗಲೆಲ್ಲ ಒಂದು ಕೆಲಸವೂ ಬರುತ್ತದೆ. ದೊಡ್ಡವರು ಮಕ್ಕಳ ಮಾತು ಕೇಳುತ್ತಾರೆ. ಕಥೆಯ ಹುಡುಗನಿಗೆ ಗೆಳೆಯನಾಗುವ ರೋಬೋಟ್ ಅಂತೂ ನಮ್ಮ ಮನೆಯವನೇ ಆಗಿಬಿಟ್ಟ.

ಕೊರತೆ ಇಲ್ಲ ಅಂತಲ್ಲ. ಡಾಕ್ಟರ್ ಸ್ಮಿತ್ ಎಂಬ ಹೆಂಗಸು ಯಾಕೆ ಅಷ್ಟು ಸುಳ್ಳು ಹೇಳುತ್ತಾಳೆ ಎಂದು ಮಗನಿಗೆ ವಿವರಿಸುವುದರಲ್ಲೇ ಸುಸ್ತಾದೆ. ಕಂತು ಮುಗಿಯುವ ಜಾಗದಲ್ಲಿ ಯಾವಾಗಲೂ ಯಾರೋ ಸಾಯುವ ಹಾಗಿರುತ್ತಾರೆ, ಟಿವಿ ಆರಿಸಲು ಜಗಳ. ನಾವು ನೋಡಿದ ಮೂರೂ ಇಂಗ್ಲಿಷಿನಲ್ಲೇ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು.

ಊಟವಾದ ಮೇಲೆ ದಿನಕ್ಕೊಂದೇ, ಅದೂ ಕರೆಂಟು ಇದ್ದರೆ, ಎಂಬುದು ನಮ್ಮನೆ ಲೆಕ್ಕ. ಕರೆಂಟು ಹೋದ ದಿನ ಫೋನಿಗೆ ಇಳಿಸಿಕೊಂಡಿದ್ದನ್ನು ನಾಲ್ಕು ತಲೆ ಸೇರಿಸಿ ನೋಡಿದೆವು. ‘ಲಾಸ್ಟ್ ಇನ್ ಸ್ಪೇಸ್’ ಒಟ್ಟು 28 ಕಂತು. ಚೌತಿ ಹೊತ್ತಿಗೆ ಮುಗಿಯಿತು, ಪ್ಲಾನ್ ನಿಲ್ಲಿಸಿದೆ. 400 ರೂಪಾಯಿ ಒಳಗೇ ಆಯಿತು.

ಮಗಳು ‘ಸ್ಟ್ರೇಂಜರ್ ಥಿಂಗ್ಸ್’ ಪೂರ್ತಿ ನೋಡಬೇಕು ಎಂದು ಈಗ ಶುರು ಮಾಡಿದ್ದಾಳೆ. ಹದಿನಾಲ್ಕಾಗಲಿ ಎಂದಿದ್ದೇನೆ. ಬಚ್ಚಲಿನ ಹಾಜರಿ ಮಾತ್ರ ಇನ್ನೂ ನಿಂತಿಲ್ಲ.