ಗ್ರೀಸ್ ಚೆನ್ನಾಗಿದೆ, ಮುಚ್ಚಳ ಸರಿಯಿಲ್ಲ: ಎರಡು ವರ್ಷದ ಅನುಭವ

ನಮ್ಮದು ಚಿಕ್ಕಬಳ್ಳಾಪುರದ ಕಡೆ ಸಣ್ಣ ಜಲ್ಲಿ ಕ್ರಷರ್. ದವಡೆಯ ಹಾಗೆ ಕಲ್ಲು ಅಗಿಯುವ ಒಂದೇ ಜಾ ಮಷೀನ್, ನಾಲ್ಕು ದೊಡ್ಡ ಬೇರಿಂಗ್. ಅದಕ್ಕೆ ಭಾರೀ ಒತ್ತಡ ತಡೆಯುವ ಈ ಲಿಥಿಯಂ ಕಾಂಪ್ಲೆಕ್ಸ್ ಇಪಿ-2 ಗ್ರೀಸ್ ಹಾಕಲು ಶುರು ಮಾಡಿ ಎರಡು ವರ್ಷ ಆಯ್ತು. ಕಂಪನಿ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಎಲ್ಲದಕ್ಕೂ ಬಳಸುವ ಮಾಮೂಲಿ ಎಪಿ-3 ಗ್ರೀಸ್ ಹಾಕುತ್ತಿದ್ದೆ. ಧೂಳು ಕೂರಲಿ ಅಂತ ನೀರು ಚಿಮ್ಮಿಸುತ್ತೇವಲ್ಲ, ಆ ನೀರಿಗೆ ಅದು ತೊಳೆದು ಹೋಗುತ್ತಿತ್ತು. ಇದು ಕೂತ ಜಾಗ ಬಿಡುವುದಿಲ್ಲ. 260 ಡಿಗ್ರಿವರೆಗೂ ಕರಗಲ್ಲ ಅಂತ ಡೀಲರ್ ಹೇಳಿದ. ನನ್ನ ಬೇರಿಂಗ್ 75 ದಾಟಿದರೆ ನಾನೇ ಮಷೀನ್ ನಿಲ್ಲಿಸುತ್ತೇನೆ, ಆ 260 ಕಟ್ಟಿಕೊಂಡು ನನಗೇನು? ಒಂದು ಮಾತು: ಬಣ್ಣ ನೋಡಿ ಗ್ರೀಸ್ ಬೆರೆಸಬೇಡಿ. ನೀಲಿ, ಕೆಂಪು ಎಲ್ಲ ಬರೀ ಬಣ್ಣ. ಒಳಗಿನ ಸೋಪು, ಅಂದರೆ ಎಣ್ಣೆಯನ್ನು ಗಟ್ಟಿಯಾಗಿ ಹಿಡಿದಿಡುವ ಅಂಶ, ಹೊಂದದಿದ್ದರೆ ಎರಡೂ ಸೇರಿ ತೆಳ್ಳಗಾಗಿ ಸೋರಿಬಿಡುತ್ತದೆ.

ಸಂಜೆ ಮಷೀನ್ ನಿಂತ ಮೇಲೆ, ಬೇರಿಂಗ್ ಇನ್ನೂ ಬೆಚ್ಚಗಿರುವಾಗ, ಗ್ರೀಸ್ ಗನ್ ಹಿಡಿದು ನಾನೇ ಹೋಗುತ್ತೇನೆ. ಮೊದಲು ಗ್ರೀಸ್ ಒಳಗೆ ಹೋಗುವ ಬಾಯಿ, ಅಂದರೆ ನಿಪ್ಪಲ್ ಒರೆಸಬೇಕು. ಇಲ್ಲದಿದ್ದರೆ ಮೊದಲ ಪಂಪಿಗೇ ಕಲ್ಲುಪುಡಿ ಒಳಗೆ. ಆಮೇಲೆ ಎಣಿಸಿ ಎಣಿಸಿ ಒತ್ತಬೇಕು. ಜಾಸ್ತಿ ತುಂಬಿದರೆ ಬೇರಿಂಗ್ ಅದನ್ನು ಮೊಸರು ಕಡೆದ ಹಾಗೆ ಕಡೆದು ಬಿಸಿಯಾಗುತ್ತದೆ. ಸೀಲ್ ಅಂಚಿನಿಂದ ಹಳೇ ಗ್ರೀಸ್ ಹೊರಬಂದು ಬಳೆಯ ಹಾಗೆ ಸುತ್ತ ನಿಲ್ಲುತ್ತದೆ. ಅದು ನಿಂತಿದ್ದನ್ನು ನೋಡಿದರೆ ನನಗೆ ಸಮಾಧಾನ. ಧೂಳಿಗೆ ಅದೇ ತಡೆ. ಹೊಸ ಹುಡುಗನೊಬ್ಬ ಒಮ್ಮೆ ಅದನ್ನು ಪೂರ್ತಿ ಒರೆಸಿ, "ಅಣ್ಣಾ, ಎಲ್ಲಾ ಕ್ಲೀನ್ ಮಾಡಿದೀನಿ" ಅಂದ. ಬೈಯಲೂ ಮನಸ್ಸು ಬರಲಿಲ್ಲ.

ಇಷ್ಟೆಲ್ಲ ನಿಗಾ ಮಾಡಿ ಏನು ಬಂತು? 18 ಕೆಜಿ ಬಕೆಟ್ಟಿನ ಮುಚ್ಚಳ ಒಂದು ಸಲ ತೆಗೆದರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಮೂರನೇ ಸಲಕ್ಕೆ ಅಂಚೇ ಸೀಳುತ್ತದೆ. ಕ್ರಷರ್ ಅಂಗಳದಲ್ಲಿ ಇಡುವ ಬಕೆಟ್ ಸ್ವಾಮಿ ಇದು! ಒಂದು ದಿನ ಮೇಲಿನ ಗ್ರೀಸ್ ಬೆರಳಲ್ಲಿ ಉಜ್ಜಿ ನೋಡಿದರೆ ಕರಕರ. ಅದನ್ನು ಬೇರಿಂಗಿಗೆ ಹಾಕುವುದೂ ಒಂದೇ, ಉಪ್ಪುಕಾಗದ ಹಾಕುವುದೂ ಒಂದೇ. ಸುಮ್ನೆ ಎರಡು ಕೆಜಿ ತೆಗೆದು ಎಸೆದೆ. ಡೀಲರ್‌ಗೆ ಹೇಳಿದರೆ, "ಬೇರೆ ಯಾರೂ ಹೇಳಿಲ್ಲ ಸಾರ್" ಅಂದ. ನೇರ ಗನ್ನಿಗೇ ಹಾಕುವ ಸಣ್ಣ ಕಾರ್ಟ್ರಿಜ್‌ನಲ್ಲಿ ತಗೊಳ್ಳಿ ಅಂತ ಸಲಹೆ ಬೇರೆ. ಕೆಜಿ ಲೆಕ್ಕಕ್ಕೆ ಅದು ನಮ್ಮ ಕೈಗೆ ಎಟುಕುವುದಿಲ್ಲ.

ಈಗ ಗ್ರೀಸಿನ ಮೇಲೇ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮುಚ್ಚಳ ಇಟ್ಟು, ಸುತ್ತ ಸೈಕಲ್ ಟ್ಯೂಬ್ ಬಿಗಿಯುತ್ತೇನೆ. ಬಕೆಟ್ ಇರುವುದು ಆಫೀಸ್ ಮೇಜಿನ ಕೆಳಗೆ. ಲೆಕ್ಕ ಬರೆಯುವವರಿಗೆ ಕಾಲಿಡಲು ಜಾಗವಿಲ್ಲ, ದಿನಾ ಗೊಣಗುತ್ತಾರೆ.

ಆದರೂ ಬಿಡಲು ಮನಸ್ಸಿಲ್ಲ. ಹೋದ ತಿಂಗಳು ಸೀಲ್ ಬದಲಿಸಲು ಕವರ್ ಬಿಚ್ಚಿದಾಗ ರೋಲರ್‌ಗಳು ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಮೊನ್ನೆ ಇನ್ನೆರಡು ಬಕೆಟ್ ತಂದೆ. ಬರುವಾಗ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬ್ ಕೂಡ.