ಫೋನ್ ಯಾರ ಕೈಗೆ ಕೊಟ್ಟು ಬರ್ತೀರಿ? – ಚರ್ಚ್ ಕಾರ್ಯಕರ್ತರ ರಿಟ್ರೀಟ್, ವಿರಾಜಪೇಟೆ ಕಡೆ

ತೋಟದ ಕೂಲಿಯವರ ಲೈನ್ ಮನೆ, ಆದಿವಾಸಿಗಳ ಹಾಡಿಗಳಲ್ಲಿ ಓಡಾಡುವ ಚರ್ಚ್ ಕಾರ್ಯಕರ್ತರಿಗೆಂದೇ ಕಾಫಿ ತೋಟದೊಳಗೆ ನಡೆಯುವ ಮೂರು ದಿನದ ರಿಟ್ರೀಟ್, ಅಂದರೆ ವಿಶ್ರಾಂತಿ-ಪ್ರಾರ್ಥನೆಯ ಶಿಬಿರ ಇದು. ಐದರಲ್ಲಿ ಮೂರೂವರೆ ಅಂಕ ಕೊಡಬಹುದು. ಅದರಲ್ಲಿ ಎರಡು ಅರ್ಜಿಯ ಒಂದೇ ಪ್ರಶ್ನೆಗೆ: ‘ಈ ಮೂರು ದಿನ ನಿಮ್ಮ ಫೋನ್ ಎತ್ತುವವರು ಯಾರು?’ ಹೆಸರು ಬರೆಯದಿದ್ದರೆ ಸೀಟಿಲ್ಲ.

ಹೆಸರು ಬರೆದರಷ್ಟೇ ಸಾಲದು, ಕೈಯಲ್ಲಿರುವ ಪ್ರತಿ ದೂರು-ಅರ್ಜಿಯ ಕೇಸಿಗೆ ನಾಲ್ಕು ಸಾಲು ಬರೆದು ಅವರ ಕೈಗೆ ಕೊಡಬೇಕು: ಯಾವ ಮನೆ, ಕೆಲಸ ಎಲ್ಲಿಗೆ ಬಂದಿದೆ, ಮುಂದಿನ ತಾರೀಖು, ಯಾರನ್ನು ಕೇಳಬೇಕು. ಉದಾಹರಣೆಗೆ, ಕಾಡಿನ ನಿವಾಸಿಗಳಿಗೆ ಭೂಮಿಯ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದವರು ಉಪವಿಭಾಗ ಸಮಿತಿಗೆ ಹೋಗಲು ಇರುವುದು 60 ದಿನ. ಆ ಗಡುವು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರಿಗೆ ಜ್ವರ ಬರುವಂತೆಯೂ ಇಲ್ಲ.

ಮೊದಲ ದಿನ ಪ್ರವಚನವೇ ಇಲ್ಲ. ಅಕ್ಕಿ ರೊಟ್ಟಿ, ಬೆಲ್ಲದ ಕಾಫಿ, ನಿದ್ದೆ. ಸಾಯುವುದೇ ಮೇಲು ಎಂದು ಗಿಡದಡಿ ಮಲಗಿದ ಬೈಬಲಿನ ಪ್ರವಾದಿ ಎಲೀಯನನ್ನು ದೇವದೂತ ಎರಡು ಸಲ ಎಬ್ಬಿಸಿ ಉಣ್ಣಿಸಿದ. ‘ಇಲ್ಲೇನು ಮಾಡುತ್ತಿದ್ದೀ’ ಎಂಬ ದೇವರ ಪ್ರಶ್ನೆ ಬಂದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಆ ಕ್ರಮವನ್ನೇ ಇಲ್ಲಿ ಹಿಡಿದಿದ್ದಾರೆ.

ಎರಡನೇ ದಿನ ಸಂತ ಇಗ್ನೇಷಿಯಸರ ಆತ್ಮಪರೀಕ್ಷೆ (ಕಳೆದ ದಿನವನ್ನು ಪ್ರಾರ್ಥನೆಯಲ್ಲಿ ಹಿಂತಿರುಗಿ ನೋಡುವುದು), ಜೊತೆಗೆ ಮೂರು ಕಾಲಮ್ಮಿನ ಹಾಳೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟಿಗೆ, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದಕ್ಕೆ, ಕೊಟ್ಟ ಮೂರು ಲಕ್ಷಣಗಳೇ ಅವು: ಸುಸ್ತು, ಕೆಲಸದ ಬಗ್ಗೆ ಜಿಗುಪ್ಸೆ, ಮಾಡಿದ್ದೆಲ್ಲ ದಂಡ ಎನ್ನುವ ಭಾವ. ಮೂರನ್ನೂ ಬೇರೆ ಬೇರೆ ಮಾಡುವುದು ಸರಿ, ಏಕೆಂದರೆ ನಿದ್ದೆಯಿಂದ ಇಳಿಯುವುದು ಮೊದಲನೆಯದು ಮಾತ್ರ. ‘ಈ ಹಾಡಿಯವರಿಗೆ ಎಷ್ಟು ಮಾಡಿದರೂ ಅಷ್ಟೇ’ ಎಂಬ ಮಾತು ಬಾಯಿಂದ ಜಾರಿದರೆ ಅದು ಎರಡನೇ ಕಾಲಮ್ಮು. ಅಂಥವರನ್ನು ಕೆಲವು ತಿಂಗಳು ದೂರು-ಅರ್ಜಿಗಳಿಂದ ಬಿಡಿಸಿ ಮಕ್ಕಳ ಟ್ಯೂಷನ್ನಿನಂಥ ಕೆಲಸಕ್ಕೆ ಹಾಕುವುದು ಮೇಲು.

ಎಡವುವುದು ಮೂರನೇ ದಿನ. ವಾರಕ್ಕೊಂದು ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಇಟ್ಟುಕೊಳ್ಳುತ್ತೇವೆಂದು ಎಲ್ಲರೂ ಬರೆದುಕೊಡುತ್ತಾರೆ. ಭಾನುವಾರವಂತೂ ಆಗದು: ಬೆಳಿಗ್ಗೆ ಬಲಿಪೂಜೆ, ಮಧ್ಯಾಹ್ನ ಲೈನ್ ಮನೆ ಭೇಟಿ, ಕೂಲಿಯವರು ಸಿಗುವುದೇ ಅವತ್ತು. ಬೇರೆ ದಿನ ರಜೆ ಕೊಡಬೇಕಾದ ಫಾದರ್, ಸಮಿತಿಯವರು ಇಲ್ಲಿ ಇರುವುದೇ ಇಲ್ಲ. ಕೊನೆಯ ಅರ್ಧ ದಿನಕ್ಕಾದರೂ ಅವರನ್ನು ಕರೆಸದಿದ್ದರೆ ಸಹಿ ಮಾಡಿದ ಹಾಳೆ ಬೈಬಲಿನೊಳಗೇ ಉಳಿಯುತ್ತದೆ. ಇನ್ನೊಂದು ಕೊರತೆ ಸಣ್ಣದಲ್ಲ: ವಾರಗಟ್ಟಲೆ ನಿದ್ದೆ ಬಾರದವರಿಗೂ ಪ್ರಾರ್ಥನೆಯನ್ನಷ್ಟೇ ಹೇಳಿ ಕಳಿಸುತ್ತಾರೆ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ-ಮಾನಸ್ 14416ನ್ನು ಊಟದ ಕೋಣೆಯ ಗೋಡೆಗೆ ಅಂಟಿಸಲು ಖರ್ಚೇನಿದೆ?

ಜನವರಿಯ ಬ್ಯಾಚಿಗೆ ಹೆಸರು ಕೊಡಬೇಡಿ, ಕಾಫಿ ಕೊಯ್ಲಿನಲ್ಲಿ ಫೋನ್ ಹೊರಲು ಯಾರೂ ಸಿಗುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದರೆ ಪರಿಹಾರದ ಕೆಲಸಕ್ಕೆ ಕರೆ ಬರುವುದು ನಿಮಗೇ. ಅಕ್ಟೋಬರ್ ಒಳ್ಳೆಯದು, ಕಂಬಳಿ ಮಾತ್ರ ಮನೆಯಿಂದಲೇ ತನ್ನಿ, ಅಲ್ಲಿಯವು ಮುಗ್ಗಲು ವಾಸನೆ.