ಮೊದಲ ಕೆಲಸ: ಬೆಂಗಳೂರಿನ ಆಫೀಸಾ, ಊರಿನ ಮನೆಯಾ?

ನಿಮ್ಮ ಕೈಯಲ್ಲಿ ಎರಡು ಆಫರ್ ಇವೆ ಅಂದುಕೊಳ್ಳಿ. ಒಂದು ಎಲೆಕ್ಟ್ರಾನಿಕ್ ಸಿಟಿಯ ಆಫೀಸು, ಇನ್ನೊಂದು ಹಾಸನದ ಮನೆಯಿಂದಲೇ ಕೆಲಸ. ಸಂಬಳ ಹೆಚ್ಚುಕಡಿಮೆ ಒಂದೇ. ಎಲ್ಲಿದ್ದರೆ ಕೆಲಸ ಚೆನ್ನಾಗಿ ಸಾಗುತ್ತದೆ?

ಹೊಸಬರಿಗಾದರೆ ನನ್ನ ಓಟು ಆಫೀಸಿಗೇ. ಕಾರಣ, ಪಕ್ಕದ ಕುರ್ಚಿ. ಸೇರಿದ ಹೊಸತರಲ್ಲಿ ನಾನು ಮನೆಯಲ್ಲಿ ಕೋಡ್‌ನ ಒಂದು ಎರರ್ ಹಿಡಿದು ಅರ್ಧ ದಿನ ಕೂತಿದ್ದೆ. ಸೀನಿಯರ್‌ಗೆ ಮೆಸೇಜ್ ಟೈಪ್ ಮಾಡೋದು, ‘ಸುಮ್ನೆ ತೊಂದರೆ ಯಾಕೆ’ ಅಂತ ಅಳಿಸೋದು. ಆಫೀಸಿನಲ್ಲಾಗಿದ್ದರೆ ಅವರು ಕಾಫಿಗೆ ಏಳುವಾಗ ಸ್ಕ್ರೀನ್ ಕಡೆ ಕಣ್ಣು ಹಾಯಿಸಿ, ‘ಅಲ್ಲೊಂದು ಕಾಮಾ ಬಿಟ್ಟಿದ್ದೀಯಲ್ಲ ಮಾರಾಯ’ ಅಂದುಬಿಡುತ್ತಿದ್ದರು.

ಓಡಾಟದ ಲೆಕ್ಕದಲ್ಲಿ ಮನೆಯೇ ಗೆಲ್ಲುತ್ತದೆ, ಅಲ್ವಾ? ಆದರೂ 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಆರ್.ವಿ. ರಸ್ತೆ ಕಡೆಯಿಂದ ಹೋಗುವವರಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿದೆ. ಪಿಜಿ ಮಾತ್ರ ಸ್ಟೇಷನ್ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಆಫೀಸು ಮುಟ್ಟುವಷ್ಟರಲ್ಲೇ ಸುಸ್ತು.

ಗದ್ದಲ ಎರಡೂ ಕಡೆ ಇದೆ. ಅಲ್ಲಿ ಪಕ್ಕದವರ ಕಾಲ್, ಇಲ್ಲಿ ಅಮ್ಮನ ಮಿಕ್ಸಿ.

ಮನೆಯನ್ನೇ ಆರಿಸುವುದಾದರೆ ಒಪ್ಪುವ ಮೊದಲು ಕಂಪನಿಯವರನ್ನು ಕೇಳಿ: ದಿನಾ ನನ್ನ ಜೊತೆ ಕಾಲ್‌ನಲ್ಲಿ ಯಾರು ಕೂರುತ್ತಾರೆ, ಎಷ್ಟು ಹೊತ್ತು? ಅವರು ತಡವರಿಸಿದರೆ ಬ್ಯಾಗ್ ತುಂಬಿಕೊಂಡು ಬೆಂಗಳೂರು ಬಸ್ ಹತ್ತಿ.